ಮಾವನ ಅಂಗಡಿಯ ಬಾರ್‌ಕೋಡ್ ಬಿಲ್ಲಿಂಗ್: ಸೊನ್ನೆಗಳು ಎಲ್ಲಿ ಕಳೆದುಹೋದವು?

ಸಾಗರದ ಹತ್ತಿರ ನಮ್ಮ ಸೋದರಮಾವನ ಕಿರಾಣಿ ಅಂಗಡಿ ಇದೆ. ಮೂವತ್ತು ವರ್ಷದಿಂದ ಕೈಬರಹದ ಬಿಲ್ಲು. ಈ ವರ್ಷ ಮಾವ ಕೇಳಿದರು, "ಆ ಬಾರ್‌ಕೋಡ್ ಗನ್ನು ಹಿಡಿದರೆ ಬಿಲ್ ಆಗೋ ಹಾಗೆ ಮಾಡಿಕೊಡ್ತೀಯೇನೋ?" ನಾನು ಶಿವಮೊಗ್ಗದಲ್ಲಿ ಇರುವುದು. ಶನಿವಾರ, ಭಾನುವಾರ ಹೋಗಿ ಕೂತರೆ ನಾಲ್ಕು ವಾರದಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಿದೆ. ಮುಗಿಯಿತು, ಆದರೆ ದಾರಿಯಲ್ಲಿ ಮೂರು ಸಲ ಬರೆದದ್ದನ್ನು ಅಳಿಸಿ ಬೇರೆ ಬರೆಯಬೇಕಾಯಿತು. ಆ ಮೂರೂ ಇಲ್ಲಿವೆ.

ಸಲಕರಣೆ: ಎಲಿಕ್ಸರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಅದರಲ್ಲಿ ವೆಬ್ ಪುಟ ಕಟ್ಟುವ ಚೌಕಟ್ಟು ಫೀನಿಕ್ಸ್ 1.7, ಅದರ ಲೈವ್‌ವ್ಯೂ 1.0, ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್. ಲೈವ್‌ವ್ಯೂ ಆರಿಸಿದ್ದಕ್ಕೆ ಒಂದೇ ಕಾರಣ. ಬ್ರೌಸರ್‌ನಲ್ಲಿ ಒತ್ತಿದ ಗುಂಡಿ, ತುಂಬಿದ ಫಾರ್ಮು, ಬಡಿದ ಕೀ ಎಲ್ಲವೂ ಈವೆಂಟ್ ಅನ್ನುವ ಸಣ್ಣ ಸಂದೇಶವಾಗಿ ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ, ಮುಂದೆ ಬರೀ ಸಾಕೆಟ್) ಮೂಲಕ ಸರ್ವರಿಗೆ ಬರುತ್ತವೆ. ಅಲ್ಲಿ ಹ್ಯಾಂಡಲ್-ಈವೆಂಟ್ ಅನ್ನುವ ಫಂಕ್ಷನ್‌ನಲ್ಲಿ ಅದಕ್ಕೆ ಉತ್ತರ ಬರೆದರೆ ಸಾಕು, ಪರದೆ ತಾನಾಗಿ ಬದಲಾಗುತ್ತದೆ. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡ್ ಒಂದು ಸಾಲೂ ಬೇಡ ಅನ್ನುವ ಆಸೆ ನನ್ನದು. ಆ ಆಸೆ ಮೂರನೇ ವಾರದವರೆಗೆ ಉಳಿಯಿತು.

ಜೂನ್ 7, ಶನಿವಾರ

ತಂತಿ ಇರುವ ಯುಎಸ್‌ಬಿ ಸ್ಕ್ಯಾನರ್ ತಂದೆ. 1,450 ರೂಪಾಯಿ. ಇದನ್ನು ಗಣಕ ಒಂದು ಕೀಬೋರ್ಡ್ ಅಂತಲೇ ನೋಡುತ್ತದೆ. ಬಾರ್‌ಕೋಡ್ ಓದಿತು ಅಂದರೆ ಯಾರೋ 13 ಅಂಕೆ ಬಡಿದು ಕೊನೆಗೆ ಎಂಟರ್ ಒತ್ತಿದ ಹಾಗೆ, ಅಷ್ಟೆ. ಡ್ರೈವರ್ ಬೇಡ. ನನ್ನ ಸ್ಕ್ಯಾನರ್ ಪೆಟ್ಟಿಗೆಯಿಂದ ತೆಗೆದಾಗ ಕೊನೆಯ ಎಂಟರ್ ಕಳಿಸುತ್ತಿರಲಿಲ್ಲ. ಜೊತೆಗೆ ಬಂದ ಕಾಗದದಲ್ಲಿ ಸೆಟ್ಟಿಂಗ್‌ಗೆಂದೇ ಒಂದು ಬಾರ್‌ಕೋಡ್ ಇರುತ್ತದೆ, ಅದನ್ನು ಓದಿಸಿದ ಮೇಲೆ ಕಳಿಸತೊಡಗಿತು. ಆ ಕಾಗದ ಬಿಸಾಡಬೇಡಿ.

ಮೊದಲ ಪ್ರಯತ್ನ ತೀರಾ ನೇರ. ಪುಟದ ಹೊರ ಪೆಟ್ಟಿಗೆಗೆ ಪಿಎಚ್‌ಎಕ್ಸ್-ವಿಂಡೋ-ಕೀಡೌನ್ ಅನ್ನುವ ಆಟ್ರಿಬ್ಯೂಟ್ (ಪುಟದ ಎಚ್‌ಟಿಎಂಎಲ್‌ನಲ್ಲಿ ಲೈವ್‌ವ್ಯೂಗೆ ಬರೆಯುವ ಸೂಚನೆ) ಹಾಕಿದೆ. ಕೀಡೌನ್ ಅಂದರೆ ಕೀ ಒತ್ತಿದ ಈವೆಂಟ್. ಯಾವ ಕೀ ಬಡಿದರೂ ಸರ್ವರಿಗೆ ಒಂದು ಈವೆಂಟ್. ಸರ್ವರ್ ಅಂಕೆಗಳನ್ನು ಒಂದೊಂದಾಗಿ ಜೋಡಿಸುತ್ತದೆ, ಎಂಟರ್ ಬಂದ ಕೂಡಲೇ ಆ ಸಂಖ್ಯೆಯ ಸಾಮಾನು ಹುಡುಕಿ ಬಿಲ್ಲಿಗೆ ಸೇರಿಸುತ್ತದೆ. ಒಂದು ಸ್ಕ್ಯಾನಿಗೆ 14 ಈವೆಂಟ್. ನನ್ನ ಲ್ಯಾಪ್‌ಟಾಪ್‌ನಲ್ಲೇ ಸರ್ವರ್, ಅದರಲ್ಲೇ ಬ್ರೌಸರ್. ಚೆನ್ನಾಗಿ ಓಡಿತು. ಮನೆಯಲ್ಲಿದ್ದ ಸೋಪು, ಟೂತ್‌ಪೇಸ್ಟ್, ಚಹಾಪುಡಿ ಎಲ್ಲ ಓದಿಸಿ ಖುಷಿಪಟ್ಟೆ.

ಬಿಡಿ ಸಾಮಾನಿಗೆ ಬಾರ್‌ಕೋಡ್ ಇರುವುದಿಲ್ಲ ಅಲ್ವಾ? ಸಕ್ಕರೆ, ಬೆಲ್ಲ, ಅಕ್ಕಿ, ತೊಗರಿಬೇಳೆ. ಇವಕ್ಕೆ ಎಫ್ ಕೀಗಳನ್ನು ಕೊಡೋಣ ಅಂದುಕೊಂಡೆ. ಎಲ್ಲ ಎಫ್ ಕೀ ಸಿಗುವುದಿಲ್ಲ. ಎಫ್1 ಸಹಾಯ ತೆರೆಯುತ್ತದೆ, ಎಫ್3 ಹುಡುಕಾಟ, ಎಫ್5 ಪುಟವನ್ನೇ ಮತ್ತೆ ತೆರೆಯುತ್ತದೆ, ಎಫ್6 ವಿಳಾಸದ ಪಟ್ಟಿಗೆ ಹಾರುತ್ತದೆ, ಎಫ್11 ಪೂರ್ತಿ ಪರದೆ, ಎಫ್12 ಡೆವಲಪರ್ ಪೆಟ್ಟಿಗೆ. ಈವೆಂಟ್ ಸರ್ವರಿಗೆ ಹೋದರೂ ಬ್ರೌಸರ್ ತನ್ನ ಕೆಲಸ ಬಿಡುವುದಿಲ್ಲ, ಸರ್ವರಿನಲ್ಲಿ ಕೂತು ಅದನ್ನು ತಡೆಯಲು ಆಗುವುದಿಲ್ಲ. ಕೊನೆಗೆ ಎಫ್2, ಎಫ್4, ಎಫ್8, ಎಫ್9 ನಾಲ್ಕನ್ನು ಇಟ್ಟುಕೊಂಡೆ. ನಾಲ್ಕು ಸಾಮಾನಿಗೆ ನಾಲ್ಕು ಸರಿಯಾಯಿತು.

ಜೂನ್ 8, ಭಾನುವಾರ

ಎಫ್2 ಅನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಕ್ಕರೆ ಇಪ್ಪತ್ತು ಸಲ ಸೇರುತ್ತಿತ್ತು. ಕೀ ಒತ್ತಿ ಹಿಡಿದರೆ ಕೀಡೌನ್ ಮೇಲಿಂದ ಮೇಲೆ ಬರುತ್ತದೆ. ಅದಕ್ಕೆ ಈವೆಂಟ್‌ಗಳು ಮೇಲಿಂದ ಮೇಲೆ ಹೋಗದಂತೆ ತಡೆಯುವ ಪಿಎಚ್‌ಎಕ್ಸ್-ಥ್ರಾಟಲ್ ಅಂತ ಒಂದು ಆಟ್ರಿಬ್ಯೂಟ್ ಇದೆ, 500 ಮಿಲಿಸೆಕೆಂಡ್ ಹಾಕಿದೆ. ಸಕ್ಕರೆ ಒಂದೇ ಸಲ ಸೇರಿತು. ಮುಂದಿನ ಕೆಲಸಕ್ಕೆ ಹೋದೆ.

ಸಂಜೆ ನೋಡಿದರೆ ಸೋಪು ಬರುತ್ತದೆ, ಬಿಸ್ಕತ್ತು ಬರುವುದಿಲ್ಲ. ಚಹಾಪುಡಿ ಬರುತ್ತದೆ, ಉಪ್ಪು ಬರುವುದಿಲ್ಲ. ಬೆಳಿಗ್ಗೆ ಎಲ್ಲವೂ ಬರುತ್ತಿತ್ತು. ಸ್ಕ್ಯಾನರ್ ಬೀಪ್ ಅನ್ನುತ್ತಿದೆ, ಕೆಂಪು ಗೆರೆ ಸರಿಯಾಗಿ ಬೀಳುತ್ತಿದೆ. ಮೊದಲು ಸ್ಕ್ಯಾನರ್ ಮೇಲೆ ಅನುಮಾನಪಟ್ಟು ತಂತಿ ಬದಲಿಸಿದೆ, ಪೋರ್ಟ್ ಬದಲಿಸಿದೆ. ಸುಮ್ನೆ ಒಂದೂವರೆ ಗಂಟೆ ಹೋಯಿತು. ಆಮೇಲೆ ಸರ್ವರಿಗೆ ಬಂದ ಅಂಕೆಗಳನ್ನು ಲಾಗ್‌ನಲ್ಲಿ ಬರೆಸಿ ಪೊಟ್ಟಣದ ಮೇಲಿನ ಸಂಖ್ಯೆ ಪಕ್ಕ ಇಟ್ಟು ನೋಡಿದೆ. ಒಂದರ ಪಕ್ಕ ಒಂದು ಎರಡು ಸೊನ್ನೆ ಇದ್ದ ಕಡೆ ಒಂದೇ ಸೊನ್ನೆ ಬಂದಿತ್ತು.

ಖಚಿತಪಡಿಸಿಕೊಳ್ಳಲು ಒಂದು ಸಂಖ್ಯೆ ಕಟ್ಟಿ ಲೇಬಲ್ ಅಚ್ಚು ಹಾಕಿದೆ: 8900112233445. ಮೊದಲ ಮೂರು, ಅಂದರೆ 890, ಭಾರತದ ಗುರುತು. ಕೊನೆಯ 5 ತಾಳೆಯ ಅಂಕೆ, ಅಂದರೆ ಉಳಿದ ಅಂಕೆಗಳ ಲೆಕ್ಕದಿಂದ ಬರುವ, ತಪ್ಪು ಹಿಡಿಯಲು ಇಟ್ಟ ಅಂಕೆ. ಇದನ್ನು ಓದಿಸಿದಾಗ ಸರ್ವರಿಗೆ ಬಂದದ್ದು 89012345. ಜೋಡಿ ಅಂಕೆ ಇದ್ದ ಕಡೆಯೆಲ್ಲ ಒಂದೊಂದು ಮಾಯ.

ತಪ್ಪು ನನ್ನ ಥ್ರಾಟಲ್‌ನದು. ಕೀಡೌನ್ ವಿಷಯದಲ್ಲಿ ಥ್ರಾಟಲ್ ಹಿಂದಿನ ಕೀ ಯಾವುದಿತ್ತು ಅಂತ ನೋಡುತ್ತದೆ. ಬೇರೆ ಕೀ ಬಂದರೆ ಬಿಡುತ್ತದೆ, ಅದೇ ಕೀ ಮತ್ತೆ ಬಂದರೆ ಕೊಟ್ಟ ಸಮಯ ಮುಗಿಯುವವರೆಗೆ ತಡೆಯುತ್ತದೆ. ಒತ್ತಿ ಹಿಡಿದ ಎಫ್2 ಮತ್ತು ಸ್ಕ್ಯಾನರ್ ಬೇಗ ಬೇಗ ಬಡಿದ ಎರಡು ಸೊನ್ನೆ, ಎರಡೂ ಅದಕ್ಕೆ ಒಂದೇ. ಇದನ್ನು ದಾಖಲೆಯಲ್ಲಿ ಬರೆದೂ ಇದ್ದಾರೆ. ನಾನು ಓದಿರಲಿಲ್ಲ.

ನನಗೆ ನಿಜವಾಗಿ ಹೆದರಿಕೆ ಆದದ್ದು ಆಮೇಲೆ. ತಾಳೆಯ ಅಂಕೆ ಪರೀಕ್ಷಿಸಿದರೆ ಇಂಥ ತಪ್ಪು ಸಿಕ್ಕಿಬೀಳುತ್ತದೆ ಅಂದುಕೊಂಡು ಲೆಕ್ಕ ಮಾಡಿದೆ. ಬಾರ್‌ಕೋಡ್‌ನಲ್ಲಿ 8 ಅಂಕೆಯ ಚಿಕ್ಕ ಜಾತಿಯೂ ಇದೆ. ಅದರಲ್ಲಿ ಮೊದಲ ಏಳು ಅಂಕೆಗಳನ್ನು 3, 1, 3, 1 ಹೀಗೆ ಗುಣಿಸಿ ಕೂಡಬೇಕು. 24, 9, 0, 1, 6, 3, 12. ಒಟ್ಟು 55. ಮುಂದಿನ ಹತ್ತಕ್ಕೆ 5 ಬೇಕು, ಕೊನೆಯ ಅಂಕೆಯೂ 5. ಅಂದರೆ ಕತ್ತರಿಸಿಹೋದ ನನ್ನ ಸಂಖ್ಯೆ ಸರಿಯಾದ ಇನ್ನೊಂದು ಬಾರ್‌ಕೋಡ್ ಆಗಿತ್ತು! ಆಕಸ್ಮಿಕವೇ ಇರಬಹುದು. ಆದರೆ ಗಿರಾಕಿಯ ಬಿಲ್ಲಿನಲ್ಲಿ ಬೇರೆ ಸಾಮಾನಿನ ದರ ಬಿದ್ದರೆ ಅದನ್ನು ಆಕಸ್ಮಿಕ ಅಂತ ಹೇಳಲು ಆಗುತ್ತದಾ?

ಥ್ರಾಟಲ್ ತೆಗೆದು, ಎಫ್ ಕೀಗಳಿಗೆ ಬೇರೆ ಬೇರೆ ಎಲಿಮೆಂಟ್ (ಪುಟದ ತುಣುಕು) ಮಾಡಿ, ಯಾವ ಕೀ ಅಂತ ಹೇಳುವ ಪಿಎಚ್‌ಎಕ್ಸ್-ಕೀ ಹಾಕಿ, ಥ್ರಾಟಲ್ ಅಲ್ಲಿಗೆ ಮಾತ್ರ ಕೊಟ್ಟೆ.

ಅದೇ ದಿನದ ಇನ್ನೊಂದು ತಪ್ಪು. ಪುಟ ತೆರೆದ ಕೂಡಲೇ ಹೊಸ ಬಿಲ್ ಸಂಖ್ಯೆ ಹುಟ್ಟಲಿ ಅಂತ ಅದನ್ನು ಪುಟ ಸಿದ್ಧವಾಗುವಾಗ ಸರ್ವರಿನಲ್ಲಿ ಓಡುವ ಮೌಂಟ್ ಫಂಕ್ಷನ್‌ನಲ್ಲಿ ಬರೆದಿದ್ದೆ. ನನ್ನ ಬಿಲ್ಲುಗಳು 2, 4, 6 ಅಂತ ಬಂದವು. ಲೈವ್‌ವ್ಯೂನಲ್ಲಿ ಮೌಂಟ್ ಎರಡು ಸಲ ಓಡುತ್ತದೆ. ಮೊದಲು ಮಾಮೂಲಿ ಎಚ್‌ಟಿಟಿಪಿಯಲ್ಲಿ ಪುಟ ಕಳಿಸುವಾಗ, ಆಮೇಲೆ ಸಾಕೆಟ್ ಜೋಡಿಸಿಕೊಂಡಾಗ. ಜಿಎಸ್‌ಟಿ ಬಿಲ್ಲಿನ ಸಂಖ್ಯೆ ಸಾಲಾಗಿ ಇರಬೇಕು, ನಡುವೆ ಬಿಟ್ಟುಹೋದರೆ ಲೆಕ್ಕ ನೋಡುವವರು ಕೇಳುತ್ತಾರೆ. ಸಾಕೆಟ್ ಜೋಡಿಯಾಗಿದೆಯಾ ಅಂತ ನೋಡಿ ಮಾಡಿದರೆ ಅರ್ಧ ಪರಿಹಾರ, ಯಾಕೆಂದರೆ ಸಂಪರ್ಕ ಕಡಿದು ಮತ್ತೆ ಬಂದರೂ ಮೌಂಟ್ ಓಡುತ್ತದೆ. ಈಗ ಮೊದಲ ಸಾಮಾನು ಬಿದ್ದಾಗ ಕರಡು ಬಿಲ್ ಹುಟ್ಟುತ್ತದೆ. ದುಡ್ಡು ಬಂದ ಮೇಲೆ ಮಾತ್ರ ಸಂಖ್ಯೆ ಸಿಗುತ್ತದೆ.

ಜೂನ್ 14, ಶನಿವಾರ

ಅಂಗಡಿಯಲ್ಲಿ ಮೊದಲ ದಿನ. ಸರ್ವರನ್ನು ತಿಂಗಳಿಗೆ 480 ರೂಪಾಯಿಯ ಬಾಡಿಗೆ ಯಂತ್ರದಲ್ಲಿ ಇಟ್ಟಿದ್ದೆ. ಗಲ್ಲಾದ ಹತ್ತಿರ ಮಾವನ ಮಗಳ ಹಳೆ ಲ್ಯಾಪ್‌ಟಾಪ್. ಇಂಟರ್‌ನೆಟ್ ಮಾವನ ಮೊಬೈಲ್ ಹಾಟ್‌ಸ್ಪಾಟ್. ಹೊರಗೆ ಜಡಿಮಳೆ. ಒಂದು ಈವೆಂಟ್ ಹೋಗಿ ಬರಲು 180 ಮಿಲಿಸೆಕೆಂಡ್‌ನಿಂದ 600ರವರೆಗೆ.

ಸಾಕೆಟ್‌ನಲ್ಲಿ ಸಂದೇಶಗಳು ಕಳಿಸಿದ ಕ್ರಮದಲ್ಲೇ ಬರುತ್ತವೆ, ಅಂಕೆ ಹಿಂದುಮುಂದು ಆಗಲಿಲ್ಲ. ತಡ ಆದರೂ ಬಿಲ್ ಸರಿಯಾಗೇ ಬರುತ್ತಿತ್ತು. ಹನ್ನೊಂದು ಗಂಟೆಗೆ ಅತ್ತೆ ಉದ್ರಿ ಗಿರಾಕಿಯ ಫೋನ್ ನಂಬರ್ ತುಂಬಲು ಹೋದರು. ಬ್ರೌಸರ್ ಹಳೆ ನಂಬರ್ ತಾನೇ ತೋರಿಸಿತು, ಅತ್ತೆ ಅದನ್ನೇ ಆರಿಸಿದರು. ಪರದೆ ಒಮ್ಮೆ ಮಿನುಗಿ, ಅಲ್ಲಿಯವರೆಗೆ ಹಾಕಿದ ಹದಿನೇಳು ಸಾಮಾನು ಹೋಯಿತು. ಗಿರಾಕಿ ಚೀಲಕ್ಕೆ ತುಂಬಿಕೊಂಡಾಗಿತ್ತು. ಎಲ್ಲವನ್ನೂ ಮತ್ತೆ ತೆಗೆಸಿ ಓದಿಸಬೇಕಾಯಿತು. ಅತ್ತೆ ಮುಖ ನೋಡಲು ನನಗೆ ಸಂಕಟವಾಯಿತು.

ಕಾರಣ ಇದು. ಬ್ರೌಸರ್ ತಾನೇ ತುಂಬಿಸುವಾಗಲೂ ಕೆಲವು ಸಲ ಕೀಡೌನ್ ಹುಟ್ಟುತ್ತದೆ. ಆದರೆ ಅದರಲ್ಲಿ ಯಾವ ಕೀ ಅನ್ನುವ ಮಾಹಿತಿ ಇರುವುದಿಲ್ಲ. ನನ್ನ ಹ್ಯಾಂಡಲ್-ಈವೆಂಟ್ ಕೀ ಇದ್ದೇ ಇರುತ್ತದೆ ಅಂತ ನಂಬಿತ್ತು. ಹೊಂದುವ ಸಾಲು ಸಿಗದೆ, ಸರ್ವರಿನಲ್ಲಿ ಆ ಪುಟವನ್ನು ನಡೆಸುತ್ತಿದ್ದ ಪ್ರೊಸೆಸ್ ಸತ್ತಿತು. ಲೈವ್‌ವ್ಯೂ ಕೂಡಲೇ ಹೊಸ ಪ್ರೊಸೆಸ್ ಎಬ್ಬಿಸಿತು, ಆದರೆ ಬಿಲ್ಲಿನ ಸಾಮಾನುಗಳು ಹಳೆ ಪ್ರೊಸೆಸ್‌ನ ನೆನಪಿನಲ್ಲಿ ಮಾತ್ರ ಇದ್ದವು.

ಎರಡು ತಿದ್ದುಪಡಿ ಅಲ್ಲೇ ಕೂತು ಮಾಡಿದೆ. ಒಂದು, ಯಾವ ಸಾಲಿಗೂ ಹೊಂದದ ಈವೆಂಟ್ ಬಂದರೆ ಏನೂ ಮಾಡದೆ ಬಿಡುವ ಕೊನೆಯ ಸಾಲು. ಎರಡು, ಪ್ರತಿ ಸಾಮಾನನ್ನು ಬಿದ್ದ ಕೂಡಲೇ ಕರಡು ಬಿಲ್ಲಿನಲ್ಲಿ ಬರೆದಿಡುವುದು, ಬಿಲ್ಲಿನ ಗುರುತನ್ನು ವಿಳಾಸದಲ್ಲೇ ಇಡುವುದು. ಎರಡನೆಯದು ಹೆಚ್ಚು ಮುಖ್ಯ. ಪ್ರೊಸೆಸ್ ಸಾಯಲಿ, ಕರೆಂಟ್ ಹೋಗಲಿ, ಅದೇ ವಿಳಾಸ ತೆರೆದರೆ ಬಿಲ್ ಹಾಗೇ ಇರುತ್ತದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಮಧ್ಯಾಹ್ನ ಇನ್ನೊಂದು. ವಿಂಡೋ ಮಟ್ಟದ ಕೀಡೌನ್ ಅಂದರೆ ಎಲ್ಲಿ ಬಡಿದರೂ ಬರುತ್ತದೆ. ಪ್ರಮಾಣದ ಪೆಟ್ಟಿಗೆಯಲ್ಲಿ 2 ಬಡಿದರೆ ಆ 2 ಕೂಡ ನನ್ನ ಬಾರ್‌ಕೋಡ್‌ನ ಮುಂದೆ ಸೇರಿಕೊಳ್ಳುತ್ತಿತ್ತು. ಮುಂದಿನ ಸ್ಕ್ಯಾನ್ 14 ಅಂಕೆ. ಇಲ್ಲಿಗೆ ಈ ದಾರಿ ಬಿಟ್ಟೆ.

ಜೂನ್ 15, ಭಾನುವಾರ

ಎರಡನೇ ದಾರಿ: ಒಂದು ಪೆಟ್ಟಿಗೆ ಇಟ್ಟು, ಕರ್ಸರ್ ಅಲ್ಲೇ ನಿಲ್ಲಿಸಿ, ಫಾರ್ಮಿಗೆ ಪಿಎಚ್‌ಎಕ್ಸ್-ಚೇಂಜ್, ಅಂದರೆ ಪೆಟ್ಟಿಗೆಯಲ್ಲಿರುವುದು ಬದಲಾದಾಗಲೆಲ್ಲ ಒಂದು ಈವೆಂಟ್. 13 ಅಂಕೆ ತುಂಬಿದ ಕೂಡಲೇ ಸರ್ವರ್ ಸಾಮಾನು ಸೇರಿಸಿ ಪೆಟ್ಟಿಗೆ ಖಾಲಿ ಮಾಡಲಿ. ಸಾಮಾನು ಸೇರಿತು. ಪೆಟ್ಟಿಗೆ ಖಾಲಿಯಾಗಲಿಲ್ಲ. ಮುಂದಿನ ಸ್ಕ್ಯಾನ್ ಹಿಂದಿನದಕ್ಕೆ ಅಂಟಿಕೊಂಡು 26 ಅಂಕೆ. ಕರ್ಸರ್ ಇರುವ ಪೆಟ್ಟಿಗೆಯೊಳಗಿನ ಅಕ್ಷರವನ್ನು ಲೈವ್‌ವ್ಯೂ ಮುಟ್ಟುವುದಿಲ್ಲ, ಸರ್ವರ್ ಏನೇ ಹೇಳಲಿ. ಇದು ಬೇಕೆಂದೇ ಮಾಡಿದ್ದು, ಸರಿಯೂ ಹೌದು. ಟೈಪ್ ಮಾಡುತ್ತಿರುವಾಗ ಹಿಂದಿನಿಂದ ಯಾರೋ ಅಳಿಸಿದರೆ ಯಾರಿಗೆ ಬೇಕು? ನನಗೆ ಮಾತ್ರ ಉಪಯೋಗವಿಲ್ಲ. ಅರ್ಧ ಗಂಟೆಯಲ್ಲಿ ಬಿಟ್ಟೆ.

ಮೂರನೇ ದಾರಿ: ಅದೇ ಪೆಟ್ಟಿಗೆ, ಪಿಎಚ್‌ಎಕ್ಸ್-ಸಬ್ಮಿಟ್, ಅಂದರೆ ಫಾರ್ಮ್ ಕಳಿಸಿದಾಗ ಮಾತ್ರ ಈವೆಂಟ್. ಸ್ಕ್ಯಾನರ್ ಕೊನೆಗೆ ಎಂಟರ್ ಒತ್ತುತ್ತದಲ್ಲ, ಫಾರ್ಮ್ ತಾನಾಗಿ ಹೋಗುತ್ತದೆ. ಒಂದು ಸ್ಕ್ಯಾನಿಗೆ ಒಂದೇ ಈವೆಂಟ್. ಪೆಟ್ಟಿಗೆಯೂ ಖಾಲಿಯಾಯಿತು. ಇದೇ ಕೊನೆ ಅಂದುಕೊಂಡು ಮಾವನಿಗೆ ಕೊಟ್ಟೆ. ಮಾವ ಒಂದು ಸಾಮಾನು ಓದಿಸಿ, ನಿಲ್ಲಿಸಿ, ಇನ್ನೊಂದು ತೆಗೆದುಕೊಳ್ಳುತ್ತಾರೆ. ಒಂದೂ ತಪ್ಪಲಿಲ್ಲ. ಅತ್ತೆ ಹಾಗಲ್ಲ. ಸಾಮಾನುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಸರಸರ ಗನ್ನು ಓಡಿಸುತ್ತಾರೆ. ಅತ್ತೆಯ ಕೈಯಲ್ಲಿ ಮೂರಕ್ಕೊಂದು ಸ್ಕ್ಯಾನ್ "ಸಿಗಲಿಲ್ಲ" ಅಂತ ಬಂತು. ಲಾಗ್‌ನಲ್ಲಿ 9 ಅಂಕೆ, 11 ಅಂಕೆ. ಈ ಸಲ ಮಾಯವಾದದ್ದು ಮುಂದಿನ ಅಂಕೆಗಳು.

ಆ ರಾತ್ರಿ ಶಿವಮೊಗ್ಗಕ್ಕೆ ಬಂದು, ಬ್ರೌಸರ್ ಕನ್ಸೋಲ್‌ನಲ್ಲಿ ಲೈವ್‌ಸಾಕೆಟ್‌ನ ಲೇಟೆನ್ಸಿ ಸಿಮ್ಯುಲೇಟರ್ (ಸಂಪರ್ಕ ನಿಧಾನವಿದ್ದಂತೆ ನಟಿಸುವ ಸೌಲಭ್ಯ) ಹಾಕಿ 400 ಮಿಲಿಸೆಕೆಂಡ್ ತಡ ಕೊಟ್ಟೆ. ಮೊದಲ ಪ್ರಯತ್ನದಲ್ಲೇ ಅದೇ ತಪ್ಪು ಕಣ್ಣಿಗೆ ಬಿತ್ತು. ಫಾರ್ಮ್ ಕಳಿಸಿದ ಮೇಲೆ ಸರ್ವರಿನ ಉತ್ತರ ಬರುವವರೆಗೆ ಲೈವ್‌ವ್ಯೂ ಆ ಫಾರ್ಮಿನ ಪೆಟ್ಟಿಗೆಗಳನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಒಂದೇ ಫಾರ್ಮ್ ಎರಡು ಸಲ ಹೋಗಬಾರದು ಅನ್ನುವ ಒಳ್ಳೆಯ ಉದ್ದೇಶ. ಆ 400 ಮಿಲಿಸೆಕೆಂಡ್ ಒಳಗೆ ಅತ್ತೆ ಮುಂದಿನ ಸಾಮಾನು ಓದಿಸಿದರೆ ಮೊದಲ ಅಂಕೆಗಳು ಬೀಗ ಹಾಕಿದ ಪೆಟ್ಟಿಗೆಗೆ ಬಡಿದು ಹೋಗುತ್ತವೆ.

ಈ ಸಿಮ್ಯುಲೇಟರ್ ವಿಷಯ ಒಂದು ಎಚ್ಚರಿಕೆ. ಪುಟ ಮತ್ತೆ ತೆರೆದರೂ ಅದು ಹೋಗುವುದಿಲ್ಲ. ಆ ಬ್ರೌಸರ್ ಸೆಷನ್ ಮುಗಿಯುವವರೆಗೆ ಅಥವಾ ನೀವೇ ನಿಲ್ಲಿಸುವವರೆಗೆ ಇರುತ್ತದೆ. ಸೋಮವಾರ ಬೆಳಿಗ್ಗೆ ಅದು ಮರೆತು, "ಇಷ್ಟು ನಿಧಾನ ಯಾಕೆ" ಅಂತ ಡೇಟಾಬೇಸ್ ಕೆದಕುತ್ತಾ ಒಂದು ಗಂಟೆ ಕಳೆದೆ.

ಜೂನ್ 21, ಶನಿವಾರ

ವಾರವಿಡೀ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಅಂಕೆ ಬಡಿಯುವುದು ಅಂಗಡಿಯ ಮಟ್ಟಿಗೆ ಒಂದು ಘಟನೆಯೇ ಅಲ್ಲ. "ಈ ಸಾಮಾನು ಓದಿಸಿದರು" ಅನ್ನುವುದು ಘಟನೆ. ಸರ್ವರಿಗೆ ಹೋಗಬೇಕಾದದ್ದು ಅದೊಂದೇ. ಅಂಕೆ ಕೂಡಿಸುವ ಕೆಲಸ ಬ್ರೌಸರಿನಲ್ಲೇ ಆಗಬೇಕು. ಅಂದರೆ ಜಾವಾಸ್ಕ್ರಿಪ್ಟ್, ಅಂದರೆ ಲೈವ್‌ವ್ಯೂನ ಹುಕ್ (ಪುಟದ ಒಂದು ಎಲಿಮೆಂಟಿಗೆ ಕಟ್ಟುವ ನಮ್ಮದೇ ಜಾವಾಸ್ಕ್ರಿಪ್ಟ್). ಒಟ್ಟು 70 ಸಾಲಿನ ಒಳಗೆ ಮುಗಿಯಿತು. ನಾನು ಇಷ್ಟು ದಿನ ತಪ್ಪಿಸಿಕೊಂಡದ್ದಕ್ಕೆ ಒಳ್ಳೆಯ ಕಾರಣ ಇರಲಿಲ್ಲ.

ಹುಕ್ ಮಾಡುವುದು ಇಷ್ಟು. ವಿಂಡೋ ಮೇಲೆ ಕೀಡೌನ್ ಕೇಳಿಸಿಕೊಳ್ಳುತ್ತದೆ. ಅಂಕೆಗಳನ್ನು ಕೂಡಿಸುತ್ತದೆ. ಎಂಟರ್ ಬಂದಾಗ 8 ಅಥವಾ 13 ಅಂಕೆ ಇದ್ದರೆ, ತಾಳೆ ಸರಿ ಇದ್ದರೆ, "ಸ್ಕ್ಯಾನ್" ಅಂತ ಒಂದು ಈವೆಂಟ್ ಕಳಿಸುತ್ತದೆ. ಸರ್ವರಿನ ಉತ್ತರಕ್ಕೆ ಕಾಯುವುದಿಲ್ಲ, ಮುಂದಿನದಕ್ಕೆ ಸಿದ್ಧ.

ಮನುಷ್ಯರು ಬಡಿದದ್ದು ಯಾವುದು, ಸ್ಕ್ಯಾನರ್ ಬಡಿದದ್ದು ಯಾವುದು? ಅಳೆದು ನೋಡಿದೆ. ನನ್ನ ಸ್ಕ್ಯಾನರ್ ಎರಡು ಅಂಕೆ ನಡುವೆ 12ರಿಂದ 16 ಮಿಲಿಸೆಕೆಂಡ್ ಬಿಡುತ್ತದೆ. ನಾನು ಎಷ್ಟು ಜೋರಾಗಿ ಬಡಿದರೂ 90ರ ಕೆಳಗೆ ಬರಲಿಲ್ಲ. ನಡುವೆ 50 ಅಂತ ಗೆರೆ ಎಳೆದೆ. ಅದಕ್ಕಿಂತ ಜಾಸ್ತಿ ಅಂತರ ಬಂದರೆ ಕೂಡಿಸಿದ್ದನ್ನು ಚೆಲ್ಲಿ ಹೊಸದಾಗಿ ಶುರು. ಮೊದಲು ಇದನ್ನು ಫಂಕ್ಷನ್ ಓಡಿದ ಹೊತ್ತಿನ ಗಡಿಯಾರ ನೋಡಿ ಅಳೆದೆ, ತಪ್ಪಾಯಿತು. ಉದ್ದ ಬಿಲ್ಲಿನ ಪಟ್ಟಿ ಬದಲಾಗುವಾಗ ಹಳೆ ಲ್ಯಾಪ್‌ಟಾಪ್ ಒಂದು ಕ್ಷಣ ನಿಲ್ಲುತ್ತದೆ, ಅಂತರ 70 ಅಂತ ಕಾಣುತ್ತದೆ, ಒಳ್ಳೆಯ ಸ್ಕ್ಯಾನ್ ಚೆಲ್ಲಿಹೋಗುತ್ತದೆ. ಈವೆಂಟ್‌ನಲ್ಲೇ ಟೈಮ್‌ಸ್ಟ್ಯಾಂಪ್ ಇರುತ್ತದೆ, ಅದು ಈವೆಂಟ್ ಹುಟ್ಟಿದ ಹೊತ್ತು. ಅದನ್ನು ಹಿಡಿದ ಮೇಲೆ ಸರಿಹೋಯಿತು.

ಆಮೇಲೆ ನಮ್ಮ ಭಾಷೆಗೇ ಸೇರಿದ ಒಂದು ತೊಡಕು. ಸಾಮಾನಿನ ಹೆಸರು ಹುಡುಕಲು ಆ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಕೀಲಿಮಣೆ ಹಾಕಿದ್ದೆ. ಅದು ಆನ್ ಇರುವಾಗ ಗನ್ನು ಹಿಡಿದರೆ ಬಂದದ್ದು ೮೯೦. ಸ್ಕ್ಯಾನರ್ ಕೀಬೋರ್ಡ್ ತಾನೇ, ಕೀಲಿಮಣೆಯ ವಿನ್ಯಾಸ ಅದಕ್ಕೂ ಅನ್ವಯಿಸುತ್ತದೆ. ನೋಡಲು ಚೆನ್ನಾಗಿತ್ತು, ಆದರೆ ಡೇಟಾಬೇಸ್‌ನಲ್ಲಿ ಸಿಗುವುದಿಲ್ಲ. ಈವೆಂಟ್‌ನ ಕೀ ಬದಲು ಕೋಡ್ ಅನ್ನುವುದನ್ನು ಓದಿದೆ. ಅದು ಯಾವ ಅಕ್ಷರ ಅಂತ ಹೇಳುವುದಿಲ್ಲ, ಕೀಬೋರ್ಡಿನ ಯಾವ ಗುಂಡಿ ಅಂತ ಹೇಳುತ್ತದೆ. 8ರ ಗುಂಡಿ ಯಾವ ಭಾಷೆ ಇದ್ದರೂ 8ರ ಗುಂಡಿಯೇ. ಕನ್ನಡ ಟೈಪ್ ಮಾಡುವ ಅಂಗಡಿಗೆ ಯಾರಾದರೂ ಇಂಥದ್ದು ಕಟ್ಟುವುದಿದ್ದರೆ ಇದೊಂದನ್ನು ನೆನಪಿಡಿ. ಕೀ ಓದುವ ಎಲ್ಲ ಉದಾಹರಣೆಗಳೂ ಇಲ್ಲಿ ಕೈಕೊಡುತ್ತವೆ.

ಪ್ರಮಾಣದ ಪೆಟ್ಟಿಗೆಯಲ್ಲಿ ಕರ್ಸರ್ ಇದ್ದಾಗ ಸ್ಕ್ಯಾನ್ ಮಾಡಿದರೆ 13 ಅಂಕೆಯೂ ಅಲ್ಲೇ ಬೀಳುತ್ತಿದ್ದವು. ಒಂದು ಸೋಪಿನ ಬಿಲ್ಲು ಲಕ್ಷ ಕೋಟಿ ದಾಟಿತು. ಈಗ ಮೊದಲ ಅಂಕೆ ಬರುವಾಗಲೇ ಆ ಪೆಟ್ಟಿಗೆಯಲ್ಲಿ ಏನಿತ್ತು ಅಂತ ಹುಕ್ ನೆನಪಿಟ್ಟುಕೊಳ್ಳುತ್ತದೆ. ಸ್ಕ್ಯಾನ್ ಅಂತ ಖಾತ್ರಿ ಆದ ಮೇಲೆ ಎಂಟರನ್ನು ತಡೆದು ಹಳೆಯದನ್ನು ವಾಪಸ್ ಇಡುತ್ತದೆ. ಪ್ರಮಾಣಕ್ಕೆ ಪಿಎಚ್‌ಎಕ್ಸ್-ಡಿಬೌನ್ಸ್ ಅನ್ನು ಬ್ಲರ್ ಅಂತ ಇಟ್ಟೆ. ಕರ್ಸರ್ ಆಚೆ ಹೋಗುವವರೆಗೆ ಸರ್ವರಿಗೆ ಏನೂ ಹೋಗುವುದಿಲ್ಲ.

ಸಂಜೆ ಅತ್ತೆ ಕರೆದರು. "ಇಲ್ಲಿ ನೋಡೋ, ಎಲ್ಲ ಎರಡೆರಡು ಸಲ ಬೀಳ್ತಾ ಇದೆ." ಸ್ಟಾಕ್ ಟ್ಯಾಬ್ ನೋಡಿ ಬಿಲ್ ಟ್ಯಾಬಿಗೆ ವಾಪಸ್ ಬಂದಿದ್ದರು. ಇನ್ನೊಂದು ಸಲ ಹೋಗಿ ಬಂದರೆ ಮೂರು ಸಲ. ಎರಡು ಟ್ಯಾಬೂ ಒಂದೇ ಲೈವ್‌ವ್ಯೂ ಒಳಗೆ ಇವೆ. ಟ್ಯಾಬ್ ಬದಲಿಸಿದಾಗ ಹುಕ್ ಇದ್ದ ಎಲಿಮೆಂಟ್ ಹೋಗುತ್ತದೆ, ಆದರೆ ನಾನು ವಿಂಡೋಗೆ ಕಟ್ಟಿದ ಕೀಡೌನ್ ಕಿವಿ ಹಾಗೇ ಉಳಿಯುತ್ತದೆ. ಎಲಿಮೆಂಟ್ ಹೋದಾಗ ಓಡುವ ಹುಕ್‌ನ ಡಿಸ್ಟ್ರಾಯ್ಡ್ ಭಾಗದಲ್ಲಿ ಅದನ್ನು ಬಿಚ್ಚಬೇಕು. ಎಲಿಮೆಂಟ್ ಬಂದಾಗ ಓಡುವ ಮೌಂಟೆಡ್‌ನಲ್ಲಿ ಕಟ್ಟಿದ್ದನ್ನು ಬಿಚ್ಚಲು ಮರೆತದ್ದು ನನ್ನ ತಪ್ಪು. ಎರಡು ಸಾಲಿನ ಕೆಲಸ.

ಜೂನ್ 22, ಭಾನುವಾರ

ಬಾಡಿಗೆ ಸರ್ವರ್ ಬಿಟ್ಟೆ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ನಂಬಿ ಅಂಗಡಿ ನಡೆಸಲು ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ 6,800 ರೂಪಾಯಿಗೆ ತಂದು ಗೋದಾಮಿನ ಶೆಲ್ಫ್ ಮೇಲೆ ಇಟ್ಟೆ. ರೂಟರಿಗೆ ಚಿಕ್ಕ ಯುಪಿಎಸ್ 1,150. ಸ್ಕ್ಯಾನರ್ ತಂತಿ ಗಿಡ್ಡ ಆಯಿತು ಅಂತ 5 ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ 220. ಬಾಡಿಗೆಯ 480 ಸೇರಿಸಿ ಒಟ್ಟು ಖರ್ಚು 10,100. ಈಗ ಈವೆಂಟ್ ಹೋಗಿ ಬರಲು 5ರಿಂದ 10 ಮಿಲಿಸೆಕೆಂಡ್.

ಸ್ಥಳ ಬದಲಿಸಿದ ಕೂಡಲೇ ಎರಡು ಕೆಟ್ಟವು. ಪುಟ ಬಂತು, ಯಾವ ಗುಂಡಿ ಒತ್ತಿದರೂ ಏನೂ ಆಗಲಿಲ್ಲ. ಪುಟ ಎಚ್‌ಟಿಟಿಪಿಯಲ್ಲಿ ಬರುವುದರಿಂದ ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ, ಸಾಕೆಟ್ ಮಾತ್ರ ಜೋಡಿಯಾಗಿರುವುದಿಲ್ಲ. ಸರ್ವರ್ ಲಾಗ್‌ನಲ್ಲಿ ಚೆಕ್-ಒರಿಜಿನ್ ದೂರು, ಅಂದರೆ ಗೊತ್ತಿಲ್ಲದ ವಿಳಾಸದ ಪುಟದಿಂದ ಸಾಕೆಟ್ ಬರುತ್ತಿದೆ ಅಂತ. ಕಾನ್ಫಿಗ್‌ನಲ್ಲಿ ಹೋಸ್ಟ್ ಹಳೆ ಡೊಮೇನ್ ಹೆಸರೇ ಇತ್ತು, ಬ್ರೌಸರ್ ಬರುತ್ತಿದ್ದದ್ದು 192.168.1.20 ಅಂತ. ರೂಟರಿನಲ್ಲಿ ಆ ಐಪಿಯನ್ನು ಮಿನಿ ಪಿಸಿಗೆ ಕಾಯಂ ಮಾಡಿ, ಹೋಸ್ಟ್ ತಿದ್ದಿದೆ. ಗುಂಡಿ ಒತ್ತಿದರೆ ಏನೂ ಆಗದಿದ್ದಾಗ ಕೋಡ್ ನೋಡುವ ಮೊದಲು ಸಾಕೆಟ್ ಜೋಡಿಯಾಗಿದೆಯಾ ನೋಡಿ.

ಎರಡನೆಯದು ಇನ್ನೂ ವಿಚಿತ್ರ. ಸ್ಕ್ಯಾನ್ ಪೂರ್ತಿ ನಿಂತಿತು. ನಿನ್ನೆ ಬಾಡಿಗೆ ಸರ್ವರಿನಲ್ಲಿ ಓಡಿದ ಅದೇ ಹುಕ್. ಪ್ರತಿ ಸ್ಕ್ಯಾನಿಗೆ ಒಂದು ಗುರುತು ಕೊಡಲು ಬ್ರೌಸರಿನ ಕ್ರಿಪ್ಟೋ ರ್‍ಯಾಂಡಮ್-ಯುಯುಐಡಿ ಬಳಸಿದ್ದೆ. ಅದು ಎಚ್‌ಟಿಟಿಪಿಎಸ್ ಇರುವ ಕಡೆ ಅಥವಾ ಲೋಕಲ್‌ಹೋಸ್ಟ್‌ನಲ್ಲಿ (ಸರ್ವರ್ ಮತ್ತು ಬ್ರೌಸರ್ ಒಂದೇ ಯಂತ್ರದಲ್ಲಿದ್ದಾಗ) ಮಾತ್ರ ಸಿಗುತ್ತದೆ. ಬರಿಯ ಎಚ್‌ಟಿಟಿಪಿಯ ಐಪಿ ವಿಳಾಸದಲ್ಲಿ ಆ ಫಂಕ್ಷನ್ನೇ ಇರುವುದಿಲ್ಲ. ಮನೆಯಲ್ಲಿ ಲೋಕಲ್‌ಹೋಸ್ಟ್, ಬಾಡಿಗೆಯಲ್ಲಿ ಎಚ್‌ಟಿಟಿಪಿಎಸ್, ಎರಡೂ ಕಡೆ ಸಿಕ್ಕಿತ್ತು. ಹೊತ್ತು ಮತ್ತು ಒಂದು ಏರುವ ಎಣಿಕೆ ಸೇರಿಸಿ ನಾನೇ ಗುರುತು ಮಾಡಿಕೊಂಡೆ. ಒಂದೇ ಗಲ್ಲಾಗೆ ಅದು ಸಾಕು.

ಆ ಗುರುತು ಯಾಕೆ ಬೇಕು ಅಂದರೆ ಕರೆಂಟ್. ಸಾಕೆಟ್ ಕಡಿದಾಗ ಹುಕ್ ಈವೆಂಟ್ ಕಳಿಸಲು ಹೋದರೆ ಅದು ಹೋಗುವುದಿಲ್ಲ. ಅಷ್ಟು ಹೊತ್ತು ಅತ್ತೆ ಓದಿಸಿದ್ದೆಲ್ಲ ಹೋಗಬಾರದು. ಹಾಗಾಗಿ ಸ್ಕ್ಯಾನ್‌ಗಳು ಮೊದಲು ಬ್ರೌಸರಿನ ಒಂದು ಸಾಲಿಗೆ ಸೇರುತ್ತವೆ. ಸರ್ವರ್ "ಬಂತು" ಅಂತ ಉತ್ತರ ಕೊಟ್ಟ ಮೇಲೆ ಸಾಲಿನಿಂದ ತೆಗೆಯುವುದು. ಸಂಪರ್ಕ ಮತ್ತೆ ಬಂದು ಹುಕ್‌ನ ರೀಕನೆಕ್ಟೆಡ್ ಭಾಗ ಓಡಿದಾಗ ಉಳಿದದ್ದನ್ನು ಮತ್ತೆ ಕಳಿಸುವುದು. ಕಳಿಸಿದ್ದು ತಲುಪಿ, ಉತ್ತರ ಬರುವ ಮೊದಲು ಸಂಪರ್ಕ ಕಡಿದರೆ ಅದೇ ಸ್ಕ್ಯಾನ್ ಎರಡನೇ ಸಲ ಹೋಗುತ್ತದೆ. ಡೇಟಾಬೇಸ್‌ನಲ್ಲಿ ಬಿಲ್ಲು ಮತ್ತು ಸ್ಕ್ಯಾನ್ ಗುರುತು ಎರಡಕ್ಕೂ ಸೇರಿ ಯೂನಿಕ್ ಇಂಡೆಕ್ಸ್ (ಅದೇ ಜೋಡಿ ಮತ್ತೆ ಸೇರದಂತೆ ತಡೆಯುವ ನಿಯಮ) ಹಾಕಿದೆ. ಎರಡನೇ ಸಲ ಬಂದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಪರೀಕ್ಷೆಗೆ ಬಿಲ್ ನಡುವೆ ರೂಟರ್ ಪ್ಲಗ್ ಕಿತ್ತು, ಆರು ಸಾಮಾನು ಓದಿಸಿ, ಮತ್ತೆ ಹಾಕಿದೆ. ಆರೂ ಬಂದವು, ಆರೇ ಬಂದವು. ಹತ್ತು ಸಲ ಮಾಡಿದೆ.

ಸದ್ದಿನ ವಿಷಯ ಮಾವ ಹೇಳಿದ್ದು. "ಗನ್ನು ಬೀಪ್ ಅಂದ್ರೆ ಬಿಲ್ಲಿಗೆ ಬಿತ್ತು ಅಂತ ನಾನು ತಿಳ್ಕೊಂಡಿದ್ದೆ ಮಾರಾಯ." ಮಾವ ನೋಡುವುದು ಗಿರಾಕಿಯ ಮುಖ, ಪರದೆಯನ್ನಲ್ಲ. ಸ್ಕ್ಯಾನರಿನ ಬೀಪ್ ಅಂದರೆ ಗೆರೆ ಓದಿತು ಅಂತ ಮಾತ್ರ. ಸ್ಕ್ಯಾನರಿನ ಸದ್ದು ಸೆಟ್ಟಿಂಗ್‌ನಲ್ಲಿ ಆರಿಸಿ, ಸರ್ವರ್ ಉತ್ತರ ಬಂದ ಮೇಲೆ ಲ್ಯಾಪ್‌ಟಾಪ್‌ನಿಂದ ಸದ್ದು ಬರುವಂತೆ ಮಾಡಿದೆ. ಸಾಮಾನು ಸೇರಿದರೆ ಸಣ್ಣ ಟಿಣ್, ಸಿಗದಿದ್ದರೆ ದಪ್ಪ ದನಿ ಎರಡು ಸಲ. ಈ ಇಡೀ ಕೆಲಸದಲ್ಲಿ ಮಾವನಿಗೆ ಹೆಚ್ಚು ಹಿಡಿಸಿದ್ದು ಇದೇ.

ಹೆಸರಿನಿಂದ ಹುಡುಕುವ ಪೆಟ್ಟಿಗೆಯಲ್ಲಿ ಪಿಎಚ್‌ಎಕ್ಸ್-ಚೇಂಜ್ ಉಳಿಸಿಕೊಂಡೆ, 300 ಮಿಲಿಸೆಕೆಂಡ್ ಡಿಬೌನ್ಸ್ ಜೊತೆ, ಅಂದರೆ ಬಡಿಯುವುದು ಅಷ್ಟು ಹೊತ್ತು ನಿಂತ ಮೇಲೆ ಈವೆಂಟ್ ಹೋಗುತ್ತದೆ. ಅತ್ತೆ ಇಂಗ್ಲಿಷ್ ಅಕ್ಷರ ಬಡಿದು ಕನ್ನಡ ಬರಿಸುವ ರೀತಿಯಲ್ಲಿ ಟೈಪ್ ಮಾಡುತ್ತಾರೆ. ತೊಗರಿ ಅಂತ ಬರೆಯುವಾಗ ಮೊದಲು ಬರುವುದು "ತ್". ಆ ಕ್ಷಣ ನಿಂತರೆ ಪಟ್ಟಿ ಖಾಲಿ. ಯಾಕೆಂದರೆ "ತ್" ಅನ್ನುವುದರಿಂದ ತೊಗರಿ ಶುರುವಾಗುವುದಿಲ್ಲ, ಗಣಕಕ್ಕೆ ಅದು ತ ಮತ್ತು ಅರ್ಧಾಕ್ಷರದ ಗುರುತು, ಇದು ತ ಮತ್ತು ಒಕಾರ. ಹುಡುಕುವ ಮೊದಲು ಕೊನೆಯ ಅರ್ಧಾಕ್ಷರದ ಗುರುತನ್ನು ಕತ್ತರಿಸಿದೆ. ಈಗ "ತ್" ಅಂದಾಗಲೇ ತೊಗರಿಬೇಳೆ, ತುಪ್ಪ, ತೆಂಗಿನೆಣ್ಣೆ ಮೂರೂ ಕಾಣುತ್ತವೆ. ಒಂದು ಸಾಲಿನ ತಿದ್ದುಪಡಿ, ಅತ್ತೆಗೆ ದಿನವಿಡೀ ಅನುಕೂಲ.

ಜೂನ್ 28 ಮತ್ತು 29

ಎರಡು ದಿನ ಗಲ್ಲಾದ ಹಿಂದೆ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂತೆ. ಕೈಬರಹದ ಬಿಲ್ಲನ್ನೂ ಪಕ್ಕದಲ್ಲಿ ಬರೆಸಿದೆ, ತಾಳೆ ನೋಡಲು. 143 ಬಿಲ್ಲು. ಐದರಲ್ಲಿ ವ್ಯತ್ಯಾಸ ಬಂತು. ಮೂರು ಕೈಬರಹದ ಕೂಡುವ ತಪ್ಪು. ಎರಡು ನನ್ನವು, ದರ ತುಂಬುವಾಗಲೇ ತಪ್ಪು ತುಂಬಿದ್ದೆ. ಕಳೆದುಹೋದ ಸ್ಕ್ಯಾನ್ ಒಂದೂ ಇಲ್ಲ, ಎರಡು ಸಲ ಬಿದ್ದದ್ದೂ ಇಲ್ಲ. ಭಾನುವಾರ ಮಧ್ಯಾಹ್ನ ಕರೆಂಟ್ ಎರಡು ಸಲ ಹೋಯಿತು. ಮಿನಿ ಪಿಸಿಗೆ ಯುಪಿಎಸ್ ಇಲ್ಲ, ಅದು ಆರಿ ಮತ್ತೆ ಎದ್ದೇಳಲು ಒಂದು ನಿಮಿಷ ಹಿಡಿಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು, ಅತ್ತೆ ಓದಿಸುತ್ತಲೇ ಇದ್ದರು. ಒಂದು ನಿಮಿಷದ ನಂತರ ಟಿಣ್ ಟಿಣ್ ಅಂತ ಸಾಲಾಗಿ ಒಂಬತ್ತು ಸದ್ದು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಉಳಿದದ್ದು ತೂಕದ ಯಂತ್ರ. ಅದಕ್ಕೆ ಹಿಂದೆ ಹಳೆ ಮಾದರಿಯ ಸೀರಿಯಲ್ ಪೋರ್ಟ್ ಇದೆ. ಬ್ರೌಸರಿನಿಂದ ನೇರ ಓದಲು ವೆಬ್ ಸೀರಿಯಲ್ ಇದೆ, ಆದರೆ ಅದಕ್ಕೂ ಎಚ್‌ಟಿಟಿಪಿಎಸ್ ಬೇಕು, ಯುಯುಐಡಿ ತರಹವೇ. ಬದಲಿಗೆ ಗಲ್ಲಾದಿಂದ ಗೋದಾಮಿಗೆ ತಂತಿ ಎಳೆದು ಮಿನಿ ಪಿಸಿಯಲ್ಲೇ ಓದಿಸುವ ಯೋಚನೆ ಇದೆ. ಆಗ ತೂಕ ಸರ್ವರಿನಲ್ಲೇ ಹುಟ್ಟುತ್ತದೆ, ಬ್ರೌಸರಿಗೆ ತೋರಿಸಿದರೆ ಆಯಿತು. ಟೇಪ್ ಹಿಡಿದು ಅಳೆದೆ. ತೊಲೆಯ ಪಕ್ಕದಿಂದ ಸುತ್ತಿ ಹೋದರೆ 11 ಮೀಟರ್. ಯಂತ್ರ 9600 ಬಾಡ್‌ನಲ್ಲಿ ಮಾತಾಡುತ್ತದೆ, ಆ ವೇಗಕ್ಕೆ ಈ ಉದ್ದ ತಡೆಯುತ್ತದೆ. ಮುಂದಿನ ಶನಿವಾರ ತಂತಿ ತೆಗೆದುಕೊಂಡು ಹೋಗುತ್ತೇನೆ.